ಪರದೇಶದಲ್ಲಿ ಮೇಷ್ಟ್ರ ಕೆಲಸ: ಒಂದು ಧರ್ಮಜಿಜ್ಞಾಸೆ

ಹೊರನಾಡ ಕನ್ನಡಿಗರ ಮನೆಗಳಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಹಿಂದೆಲ್ಲ ಮಗನೋ ಮಗಳೋ ಪರದೇಶಕ್ಕೆ ಹೊರಟರೆಂದರೆ ಅವರು ಎಂಜಿನಿಯರೋ ಡಾಕ್ಟರೋ ಆಗಿರುತ್ತಿದ್ದರು. ಈಗ ಇಂಗ್ಲಿಷನ್ನು ಮುಖ್ಯ ವಿಷಯವಾಗಿ ಓದಿ, ಬಿ.ಎಡ್. ಮುಗಿಸಿದ ತರುಣ ತರುಣಿಯರೂ ಅದೇ ದಾರಿಯತ್ತ ನೋಡುತ್ತಿದ್ದಾರೆ. ಮಸ್ಕತ್, ದುಬೈ, ಮಾಲೆ, ಬ್ಯಾಂಕಾಕ್ ಎಂಬ ಹೆಸರುಗಳು ಸಂಘದ ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಲೋಟ ಹಿಡಿದು ನಿಂತವರ ಬಾಯಲ್ಲಿಯೂ ಓಡಾಡುತ್ತವೆ. "ಇಂಗ್ಲಿಷ್ ಕಲಿಸುವುದಕ್ಕೆ ನಮ್ಮವರನ್ನು ಕರೆಯುತ್ತಾರೆಯೇ?" ಎಂದು ಹಿರಿಯರು ಕೇಳಿದರೆ, "ಕಲಿತದ್ದು ಇಲ್ಲಿ, ಕಲಿಸುವುದು ಅಲ್ಲಿ, ಇದು ಸರಿಯೇ?" ಎಂದು ಇನ್ನು ಕೆಲವರು ಕೇಳುತ್ತಾರೆ. ಮೊದಲನೆಯದು ಸಂಗತಿಯ ಪ್ರಶ್ನೆ. ಎರಡನೆಯದು ಧರ್ಮದ ಪ್ರಶ್ನೆ. ಎರಡನ್ನೂ ವಾಚಕರ ಮುಂದಿಟ್ಟು ಯೋಚಿಸಬೇಕೆಂಬುದು ಈ ಬರಹದ ಉದ್ದೇಶ.

ಮೊದಲನೆಯದಕ್ಕೆ ಉತ್ತರ ಸುಲಭ. ಕರೆಯುತ್ತಾರೆ, ಬಹಳ ಹಿಂದಿನಿಂದಲೂ ಕರೆಯುತ್ತಿದ್ದಾರೆ. ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ ತಮ್ಮ ನಾಡಿನಲ್ಲಿ ಶಾಲೆಗಳನ್ನು ತೆರೆದಾಗ ಪಾಠ ಹೇಳಲು ಭಾರತದ ಉಪಾಧ್ಯಾಯರನ್ನು ಕರೆಸಿಕೊಂಡರು. ೧೯೭೪ರಲ್ಲಿ ಅವರ ಆಳ್ವಿಕೆ ಕೊನೆಗೊಂಡಿತಾದರೂ, ಭಾರತೀಯ ಮೇಷ್ಟ್ರ ಕೈಯಲ್ಲಿ ಓದಿದೆವೆಂದು ಹೇಳುವ ಇಥಿಯೋಪಿಯನ್ನರು ಇಂದಿಗೂ ಇದ್ದಾರೆ. ನೈಜೀರಿಯ, ಜಾಂಬಿಯ ಮುಂತಾದ ಆಫ್ರಿಕದ ದೇಶಗಳು ಸ್ವತಂತ್ರವಾದ ಮೇಲೆ ಅಲ್ಲಿಗೂ ನಮ್ಮವರು ಹೋದರು. ೧೯೬೦ರ ದಶಕದಲ್ಲಿ ಭೂತಾನವು ಹೊಸ ಮಾದರಿಯ ಶಾಲೆಗಳನ್ನು ಕಟ್ಟತೊಡಗಿದಾಗ ಬೆಟ್ಟ ಹತ್ತಿ ಹೋಗಿ ಪಾಠ ಹೇಳಿದವರಲ್ಲಿ ಭಾರತೀಯರು ಬಹಳ. ಮಾಲ್ಡೀವ್ಸಿನ ಸಣ್ಣ ಸಣ್ಣ ದ್ವೀಪಗಳ ಶಾಲೆಗಳಲ್ಲಿಯೂ ಕೊಲ್ಲಿ ನಾಡುಗಳ ಭಾರತೀಯ ಶಾಲೆಗಳಲ್ಲಿಯೂ ನಮ್ಮ ಉಪಾಧ್ಯಾಯಿನಿಯರು ಇಂದಿಗೂ ಇದ್ದಾರೆ. ಆದ್ದರಿಂದ ಇದು ಹೊಸ ಹುಚ್ಚಲ್ಲ, ಹಳೆಯ ಹಾದಿ.

ಎರಡನೆಯ ಪ್ರಶ್ನೆ ಅಷ್ಟು ಸುಲಭವಲ್ಲ. ಹೋಗುವುದು ತಪ್ಪೆನ್ನುವವರ ವಾದದಲ್ಲಿ ತೂಕವಿದೆ. ನಮ್ಮ ಮಕ್ಕಳು ಕಟ್ಟುವ ಶುಲ್ಕದಿಂದಷ್ಟೇ ಕಾಲೇಜುಗಳು ನಡೆಯುವುದಿಲ್ಲ. ಇಂಗ್ಲಿಷ್ ಬೋಧನೆ ಸುಧಾರಿಸಬೇಕೆಂದು ಹೈದರಾಬಾದಿನಲ್ಲಿ ೧೯೫೮ರಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ನಮ್ಮ ವಿನಾಯಕ ಕೃಷ್ಣ ಗೋಕಾಕರು ಅದರ ನಿರ್ದೇಶಕರಾಗಿದ್ದರು. ದಕ್ಷಿಣದ ರಾಜ್ಯಗಳ ಉಪಾಧ್ಯಾಯರಿಗಾಗಿ ೧೯೬೩ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಸಂಸ್ಥೆ ಬಂತು. ಇದೆಲ್ಲ ಯಾರ ಹಣದಿಂದ? ಇಂಗ್ಲಿಷಿನ ಒಂದು ವಾಕ್ಯ ಬರೆಯಲು ಬೆವರುವ ಹಳ್ಳಿಯ ಹುಡುಗನ ತಂದೆ ಬೆಂಕಿಪೆಟ್ಟಿಗೆ ಕೊಂಡಾಗ ಕೊಟ್ಟ ತೆರಿಗೆಯೂ ಅದರಲ್ಲಿ ಸೇರಿದೆ. ಅವನ ಮಗನಿಗೆ ಸಿಗದ ಪಾಠ ಪರದೇಶದ ಮಗುವಿಗೆ ಸಿಗುವುದಾದರೆ, ಬಾವಿ ತೋಡಿದವನು ಬಾಯಾರಿ ಕುಳಿತ ಹಾಗಲ್ಲವೇ?

ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಇದನ್ನು ಹೇಳುವ ಅಧಿಕಾರ ನಮಗೆಷ್ಟಿದೆ ಎಂಬುದನ್ನೂ ನೋಡಿಕೊಳ್ಳಬೇಕು. ನಾವು ಕೇಂದ್ರ ಸರ್ಕಾರದ ಗುಮಾಸ್ತರು. ಊರಿನ ಸರ್ಕಾರಿ ಶಾಲೆಯಲ್ಲಿ ಓದಿ, ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ, ಸ್ಟಾಫ್ ಸೆಲೆಕ್ಷನ್ ಪರೀಕ್ಷೆ ಬರೆದು ಮುಂಬಯಿಗೆ ಬಂದೆವು. ಊರಿನ ಹೈಸ್ಕೂಲಿಗೂ ಆಗ ವಿಜ್ಞಾನದ ಮೇಷ್ಟ್ರು ಬೇಕಾಗಿದ್ದರು. ನಮ್ಮನ್ನು ಯಾರೂ ದ್ರೋಹಿಗಳೆನ್ನಲಿಲ್ಲ; ತಿಂಗಳು ತಿಂಗಳು ಮನಿಯಾರ್ಡರ್ ಬಂದಾಗ ಮನೆಯವರು ಸಂತೋಷವನ್ನೇ ಪಟ್ಟರು. ಈ ಪತ್ರಿಕೆಯನ್ನು ಓದುವ ಬಹುಪಾಲು ಮನೆಗಳ ಕಥೆ ಇದೇ. ವಿ.ಟಿ. ಸ್ಟೇಷನ್ನಿನಲ್ಲಿ ಟ್ರಂಕು ಇಳಿಸುವುದು ಪುರುಷಾರ್ಥ, ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಏರಿಸುವುದು ಅಪರಾಧ ಎನ್ನುವುದಾದರೆ ಧರ್ಮದ ಗಡಿಯನ್ನು ಪಾಸ್‌ಪೋರ್ಟ್ ಕಚೇರಿಯವರು ಗೊತ್ತುಮಾಡಿದ ಹಾಗಾಯಿತು.

ಹಾಗೆಂದು ನಾವು ಮಾಡಿದ್ದರಿಂದಲೇ ಅದು ಸರಿಯೆಂದೂ ಆಗದು. ಒಬ್ಬರ ನಡೆ ಇನ್ನೊಬ್ಬರಿಗೆ ಉದಾಹರಣೆಯಾದೀತು, ಪ್ರಮಾಣವಾಗದು. ಆದ್ದರಿಂದ ಋಣವೆಂದರೇನೆಂದು ತುಸು ವಿಚಾರಿಸೋಣ.

ಮನುಷ್ಯ ಋಣಗಳನ್ನು ಹೊತ್ತೇ ಹುಟ್ಟುತ್ತಾನೆಂದು ನಮ್ಮ ಹಿಂದಿನವರು ತಿಳಿದಿದ್ದರು: ದೇವಋಣ, ಪಿತೃಋಣ, ಋಷಿಋಣ. ಇವುಗಳಲ್ಲಿ ಋಷಿಋಣದ ಲೆಕ್ಕ ವಿಚಿತ್ರವಾದದ್ದು. ಅಂಗಡಿಯ ಸಾಲವನ್ನು ಕೊಟ್ಟವನಿಗೇ ಹಿಂತಿರುಗಿಸಬೇಕು. ವಿದ್ಯೆಯ ಸಾಲವನ್ನು ಕೊಟ್ಟವನಿಗೆ ಹಿಂತಿರುಗಿಸಲು ಬರುವುದೇ ಇಲ್ಲ. ನಮಗೆ ಅಕ್ಷರ ಕಲಿಸಿದ ಮೇಷ್ಟ್ರಿಗೆ ನಾವು ಅಕ್ಷರ ಕಲಿಸಲಾರೆವು. ಓದಿ, ಓದಿದ್ದನ್ನು ಮುಂದಿನವರಿಗೆ ದಾಟಿಸಿಯೇ ಆ ಋಣ ತೀರಬೇಕು. ಹಾಗೆ ದಾಟಿಸುವಾಗ ಎದುರಿಗೆ ಕುಳಿತ ಮಗು ಯಾವ ಊರಿನದು, ಯಾವ ದೇಶದ್ದು ಎಂಬ ಷರತ್ತನ್ನು ಹಿಂದಿನವರು ಹಾಕಿದಂತಿಲ್ಲ.

ಹೊರಗೆ ಹೋದ ವಿದ್ಯೆ ಒಮ್ಮೊಮ್ಮೆ ಊಹಿಸದ ದಾರಿಯಲ್ಲಿ ಮನೆಗೆ ಬರುತ್ತದೆ ಕೂಡ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಬೆಳಗಾವಿಯ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ೧೯೫೯ರಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. ೧೯೭೩ರಲ್ಲಿ ಅವರ ಇಂಗ್ಲಿಷ್ ಅನುವಾದದಲ್ಲಿ ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ವಚನಗಳು ಪ್ರಕಟವಾದಾಗ ಕನ್ನಡದ ಹೆಸರನ್ನೇ ಕೇಳದ ಓದುಗರಿಗೆ ಕನ್ನಡ ತಲುಪಿತು. ಬೆಳಗಾವಿಯಲ್ಲೇ ಇದ್ದಿದ್ದರೆ ಅವರು ಸಣ್ಣವರಾಗುತ್ತಿರಲಿಲ್ಲ. ಹೋದದ್ದರಿಂದ ಕನ್ನಡ ಬಡವಾಗಲೂ ಇಲ್ಲ. ಎಲ್ಲರೂ ರಾಮಾನುಜನ್ ಆಗುವುದಿಲ್ಲ, ನಿಜ. ಹೋದವರೆಲ್ಲ ಕಳೆದುಹೋದವರಲ್ಲ ಎನ್ನುವುದಕ್ಕೆ ಮಾತ್ರ ಈ ಮಾತು.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಮಗೆ ಅನುಕೂಲವಾದ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ವಿದ್ಯೆಯನ್ನು ಎಲ್ಲಿ ಬೇಕಾದರೂ ದಾಟಿಸಬಹುದೆಂದರೆ, ಸಂಬಳ ಹೆಚ್ಚಿರುವ ಕಡೆಗೇ ಅದು ಹರಿಯುತ್ತದೆ. ನೀರು ತಗ್ಗಿಗೆ ಹರಿದರೆ ಉಪಾಧ್ಯಾಯರು ಏರಿಗೆ ಹರಿಯುತ್ತಾರೆ. ಭೂತಾನದ ಉದಾಹರಣೆಯನ್ನೇ ನೋಡಿ. ಒಂದು ಕಾಲಕ್ಕೆ ಭಾರತೀಯರು ಹೋಗಿ ಅಲ್ಲಿನ ಮಕ್ಕಳಿಗೆ ಪಾಠ ಹೇಳಿದರು. ಆ ಮಕ್ಕಳಲ್ಲಿ ಕೆಲವರು ತಾವೇ ಉಪಾಧ್ಯಾಯರಾದರು. ಈಚಿನ ವರ್ಷಗಳಲ್ಲಿ ಭೂತಾನದ ಎಷ್ಟೋ ಉಪಾಧ್ಯಾಯರು ಕೆಲಸ ಬಿಟ್ಟು ಆಸ್ಟ್ರೇಲಿಯಕ್ಕೆ ಹೊರಟುಹೋಗಿ, ಆ ಪುಟ್ಟ ದೇಶ ಚಿಂತೆಗೀಡಾಗಿದೆ. ದೊಡ್ಡ ದೇಶದಲ್ಲಿ ಒಬ್ಬ ಮೇಷ್ಟ್ರು ಹೋದರೆ ತಿಳಿಯುವುದಿಲ್ಲ. ಸಣ್ಣ ಕಣಿವೆಯ ಶಾಲೆಯಲ್ಲಿ ಒಬ್ಬರು ಹೋದರೆ ಗಣಿತವೋ ಇಂಗ್ಲಿಷೋ ಇಡೀ ಶಾಲೆಯಿಂದಲೇ ಹೋಗುತ್ತದೆ.

ಕಾಮನ್‌ವೆಲ್ತ್ ದೇಶಗಳಲ್ಲಿ ಇದೇ ಪ್ರಶ್ನೆ ಎದ್ದಾಗ ೨೦೦೪ರಲ್ಲಿ ಅವು ಒಂದು ಒಪ್ಪಂದಕ್ಕೆ ಬಂದವು. ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕದಿಂದ ಉಪಾಧ್ಯಾಯರನ್ನು ಶ್ರೀಮಂತ ದೇಶಗಳು ಸೆಳೆದುಕೊಳ್ಳುತ್ತಿವೆ ಎಂಬ ದೂರಿನಿಂದ ಅದು ಹುಟ್ಟಿತು. ಉಪಾಧ್ಯಾಯರಿಗೆ ಹೊರದೇಶಕ್ಕೆ ಹೋಗುವ ಹಕ್ಕಿದೆ, ಅವರನ್ನು ಅಲ್ಲಿ ಶೋಷಿಸಬಾರದು. ಅದರ ಜೊತೆಗೇ, ಕರೆಸಿಕೊಳ್ಳುವ ದೇಶವು ಕಳಿಸುವ ದೇಶದ ಶಿಕ್ಷಣವನ್ನು ಹಾಳುಗೆಡವಬಾರದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪ್ರಯತ್ನ ಅದು. ಕಾನೂನಿನ ಬಲ ಅದಕ್ಕಿಲ್ಲ. ಆದರೆ ಅದರಿಂದ ಒಂದು ವಿವೇಕವನ್ನು ನಾವು ಮನೆಮಟ್ಟಿಗೆ ತಂದುಕೊಳ್ಳಬಹುದು: ಹೋಗುವುದು ಸರಿಯೋ ತಪ್ಪೋ ಎಂದು ಕೇಳುವ ಬದಲು, ಹೋಗುವಾಗ ಯಾವ ಮಗುವಿನ ಪಾಠ ನಿಲ್ಲುತ್ತದೆ ಎಂದು ಕೇಳಬೇಕು.

ಹೀಗೆ ಕೇಳಿದರೆ ಉತ್ತರ ಸ್ಪಷ್ಟವಾಗುತ್ತದೆ. ವರ್ಷದ ನಡುವೆ ತರಗತಿಯನ್ನು ಬಿಟ್ಟು, ಮಾರ್ಚ್ ಪರೀಕ್ಷೆ ಎದುರಿಗಿರುವಾಗ ಹೊರಡುವ ಉಪಾಧ್ಯಾಯ ನಲವತ್ತು ಮಕ್ಕಳಿಗೆ ಅನ್ಯಾಯ ಮಾಡುತ್ತಾನೆ, ಅವನು ಹೋಗುವುದು ದುಬೈಗಾದರೂ ಸರಿ, ಪಕ್ಕದ ಬೀದಿಯ ದೊಡ್ಡ ಶಾಲೆಗಾದರೂ ಸರಿ. ಈಗತಾನೇ ಬಿ.ಎಡ್. ಮುಗಿಸಿ ಕೆಲಸಕ್ಕಾಗಿ ಅರ್ಜಿ ಹಿಡಿದು ಅಲೆಯುತ್ತಿರುವವಳಾದರೋ ಯಾವ ತರಗತಿಯನ್ನೂ ಬರಿದು ಮಾಡುವುದಿಲ್ಲ. ಹೊಸಬರಿಗೆ ಹೋಗುವ ಸ್ವಾತಂತ್ರ್ಯ ಹಳಬರಿಗಿಂತ ಹೆಚ್ಚು.

ಆದರೆ ಹೊಸಬರಿಗೆ ಇನ್ನೊಂದು ತೊಡಕಿದೆ. ನಮ್ಮ ದೃಷ್ಟಿಯಲ್ಲಿ ನಿಜವಾದ ಧರ್ಮಸಂಕಟ ಇಲ್ಲಿಯೇ. ಹೊರಗಿನ ಒಳ್ಳೆಯ ಶಾಲೆಗಳು ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತವೆ. ಕೇಳುವುದು ನ್ಯಾಯವೇ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಬಾರದೆಂಬ ಗಾದೆ ಮೇಷ್ಟ್ರ ಕೆಲಸಕ್ಕೆ ಹೇಳಿಮಾಡಿಸಿದ್ದು. ಯಾರೇ ಆದರೂ ಕೈ ಪಳಗುವವರೆಗೆ ಯಾರದೋ ಮಕ್ಕಳ ಮೇಲೆಯೇ ಕಲಿಯಬೇಕು, ಬೇರೆ ದಾರಿಯಿಲ್ಲ. ಆದರೆ ಕಲಿಯುತ್ತಿದ್ದೇನೆಂಬುದು ಎಲ್ಲರಿಗೂ ತಿಳಿದಿರಬೇಕು. ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವವರಿಗಾಗಿ ಕೇಂಬ್ರಿಜ್‌ನವರು ನಡೆಸುವ ಸೆಲ್ಟಾ ಎಂಬ ತರಬೇತಿಯಲ್ಲಿ ೧೨೦ ಗಂಟೆಗಳ ಪಾಠವಿದ್ದು, ಅದರಲ್ಲಿ ೬ ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ, ಪರೀಕ್ಷಿಸುವವರ ಎದುರಿಗೇ ಕಲಿಸಬೇಕು. ಅಲ್ಲಿ ಕುಳಿತ ವಿದ್ಯಾರ್ಥಿಗೆ ಇವರು ಹೊಸಬರೆಂದು ಗೊತ್ತು. ಆ ಬಹಿರಂಗತೆಯೇ ಅಭ್ಯಾಸವನ್ನು ನ್ಯಾಯವಾಗಿಸುತ್ತದೆ. ಮುಚ್ಚಿಟ್ಟರೆ ಅದೇ ಅಭ್ಯಾಸ ವಂಚನೆಯಾಗುತ್ತದೆ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಈ ಪ್ರಶ್ನೆ ಬಂದದ್ದು ಹೀಗೆ. ಮಗಳು ಇಂಗ್ಲಿಷಿನಲ್ಲಿ ಬಿ.ಎ., ಬಿ.ಎಡ್.; ಚುರುಕು ಹುಡುಗಿ. ಕೊಲ್ಲಿಯ ಶಾಲೆಯೊಂದರಿಂದ ಕರೆ ಬರುವ ಸೂಚನೆಯಿತ್ತು; ಕೊರತೆ ಎಂದರೆ ಎರಡು ವರ್ಷದ ಅನುಭವದ ಪ್ರಮಾಣಪತ್ರ. ಒಂದು ಖಾಸಗಿ ಶಾಲೆಯವರು ಹಿಂದಿನ ತಾರೀಖು ಹಾಕಿ ಬರೆದುಕೊಡಲು ಸಿದ್ಧರಿದ್ದರು. ತಂದೆ ನಮ್ಮನ್ನು ಕೇಳಿದರು: "ಎಲ್ಲರೂ ಮಾಡುವುದೇ ಅಲ್ಲವೇ ರಾಯರೇ? ಹುಡುಗಿಗೆ ಇಂಗ್ಲಿಷ್ ಬರುವುದಿಲ್ಲವೇ? ಬರುತ್ತದೆ. ಕಲಿಸುವುದಕ್ಕೆ ಬರುವುದಿಲ್ಲವೇ? ಅದೂ ಬರುತ್ತದೆ. ಒಂದು ಕಾಗದಕ್ಕಾಗಿ ಸಾಲ ಹಾಗೇ ಉಳಿಯಬೇಕೇ?" ಆಮೇಲೆ ಇನ್ನೂ ಖಾರವಾದ ಒಂದು ಮಾತು ಹೇಳಿದರು: "ಅವರೇನು ನ್ಯಾಯವಾಗಿ ಕೆಲಸ ಕೊಡುತ್ತಾರೆಯೇ? ಹುಟ್ಟಿದ ದೇಶ ನೋಡಿ ಕೊಡುತ್ತಾರೆ. ನಾವು ಮಾತ್ರ ಹರಿಶ್ಚಂದ್ರರಾಗಬೇಕೇ?"

ಈ ಕೊನೆಯ ಮಾತನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅದರಲ್ಲಿ ಸತ್ಯವಿದೆ. ಇಂಗ್ಲಿಷ್ ಸಂಭಾಷಣೆ ಕಲಿಸುವವರಿಗೆ ದಕ್ಷಿಣ ಕೊರಿಯ ಕೊಡುವ ವೀಸಾ ಬಹುಮಟ್ಟಿಗೆ ಏಳು ದೇಶಗಳ ಪ್ರಜೆಗಳ ಪಾಲು: ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ತಾಯ್ನುಡಿಯವರೇ ಬೇಕೆಂದು ಜಾಹೀರಾತು ಕೊಡುವ ಶಾಲೆಗಳು ಬೇರೆ ಕಡೆಯೂ ಇವೆ. ಕಾಶ್ಮೀರದಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಬ್ರಜ್ ಕಚ್ರು ೧೯೮೫ರಲ್ಲಿ ಇಂಗ್ಲಿಷಿನ ಲೋಕವನ್ನು ಮೂರು ವರ್ತುಲಗಳಾಗಿ ವಿಂಗಡಿಸಿ, ಭಾರತದಂಥ ದೇಶಗಳಲ್ಲಿ ಇಂಗ್ಲಿಷ್ ತನ್ನದೇ ಬೇರು ಬಿಟ್ಟಿದೆ, ಆ ಭಾಷೆಯ ಮೇಲೆ ಅವಕ್ಕೂ ಹಕ್ಕಿದೆ ಎಂದು ವಾದಿಸಿದರು. ಕನ್ನಡಿಗರಿಗಂತೂ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಿ.ಎಂ.ಶ್ರೀ. ಮತ್ತು ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಕಾರ್ನಾಡರದು ಕೊಂಕಣಿ. ಇವರನ್ನು ಹುಟ್ಟಿನ ಕಾರಣಕ್ಕೆ ಹೊರಗಿಟ್ಟಿದ್ದರೆ ನಮ್ಮ ಕನ್ನಡದಲ್ಲಿ ಏನು ಉಳಿಯುತ್ತಿತ್ತು? ಭಾಷೆ ದುಡಿದವರ ಸೊತ್ತು, ಹುಟ್ಟಿದವರ ಉಂಬಳಿಯಲ್ಲ. ಪಾಸ್‌ಪೋರ್ಟ್ ನೋಡಿ ಮೇಷ್ಟ್ರನ್ನು ಆರಿಸುವುದು ಅನ್ಯಾಯವೇ ಸರಿ.

ಆದರೆ ಈ ಅನ್ಯಾಯಕ್ಕೆ ಸುಳ್ಳು ಪ್ರಮಾಣಪತ್ರ ಮದ್ದಲ್ಲ, ಮೇವು. ಒಂದು ನಕಲಿ ಕಾಗದ ಸಿಕ್ಕಿಬಿದ್ದರೆ ಆ ಶಾಲೆಯವರು ಮುಂದಿನ ಹತ್ತು ಭಾರತೀಯರ ಅರ್ಜಿಗಳನ್ನು ಸಂಶಯದಿಂದ ನೋಡುತ್ತಾರೆ. ಆ ಹತ್ತರಲ್ಲಿ ಒಂದು, ನಿಜವಾಗಿಯೂ ಎರಡು ವರ್ಷ ಸೀಮೆಸುಣ್ಣದ ಪುಡಿ ಕುಡಿದ ಹುಡುಗಿಯದಾಗಿರುತ್ತದೆ. ನಮ್ಮ ಸುಳ್ಳಿನ ದಂಡವನ್ನು ಅವಳು ತೆರುತ್ತಾಳೆ.

ಇನ್ನು, ಬರುವ ವಿದ್ಯೆಗೆ ಕಾಗದವೊಂದು ನೆಪ ಎಂಬ ಮಾತು. ನಾವು ಕಚೇರಿಯಲ್ಲಿ ಸರ್ವಿಸ್ ಬುಕ್ ಬರೆಯುವವರು. ಸೇರಿದ ತಾರೀಖನ್ನು ಒಂದು ಕಡೆ ತಪ್ಪು ಬರೆದರೆ ಬಡ್ತಿ, ರಜೆ, ನಿವೃತ್ತಿಯವರೆಗೂ ಆ ತಪ್ಪು ಹಿಂಬಾಲಿಸುತ್ತದೆ. ಪದವಿ ತರಗತಿಯ ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದವರಿಗೆ ಶೂನ್ಯದೋಷದ ನೆನಪಿರಬಹುದು. ಉಪಕರಣದ ಸೊನ್ನೆಯೇ ತಪ್ಪಿದ್ದರೆ, ಎಷ್ಟೇ ಎಚ್ಚರದಿಂದ ಅಳೆದರೂ ಪ್ರತಿ ಅಳತೆಯಲ್ಲೂ ಅಷ್ಟೇ ತಪ್ಪು ಸೇರುತ್ತದೆ. ಮಕ್ಕಳಿಗೆ ನಕಲು ಮಾಡಬೇಡಿರೆಂದು ಹೇಳಬೇಕಾದವಳು ನಕಲಿ ಕಾಗದ ತೋರಿಸಿ ಆ ಕುರ್ಚಿಯಲ್ಲಿ ಕುಳಿತರೆ, ಅವಳ ಸೊನ್ನೆ ಎಲ್ಲಿದೆ? ದೋಷ ಗೊತ್ತಿದ್ದರೆ ಲೆಕ್ಕದಲ್ಲಿ ಕಳೆಯಬಹುದು. ಮುಚ್ಚಿಟ್ಟ ದೋಷವನ್ನು ಕಳೆಯಲು ಬರುವುದಿಲ್ಲ.

ನಾವು ಇದನ್ನೆಲ್ಲ ಹೇಳುತ್ತಿದ್ದಾಗ ಆ ಹುಡುಗಿ ಸುಮ್ಮನೆ ಕೇಳುತ್ತಿದ್ದಳು. ಕೊನೆಗೆ ಅವಳು ಹೇಳಿದ್ದು ಒಂದೇ ಮಾತು: "ಸುಳ್ಳು ನನಗೂ ಬೇಡ ಅಂಕಲ್. ಆದರೆ ಇಲ್ಲಿ ಹೊಸಬರಿಗೆ ಶಾಲೆಯವರು ಕೊಡುವ ಸಂಬಳ ಲೋಕಲ್ ಟ್ರೈನಿನ ಪಾಸಿಗೂ ಮಧ್ಯಾಹ್ನದ ತಿಂಡಿಗೂ ಸರಿಹೋಗುತ್ತದೆ. ಆ ಎರಡು ವರ್ಷ ಅಪ್ಪನ ಸಾಲದ ಕಂತನ್ನು ಯಾರು ಕಟ್ಟುತ್ತಾರೆ?"

ಇದಕ್ಕೆ ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಉತ್ತರವಿರಲಿಲ್ಲ. ಧರ್ಮಜಿಜ್ಞಾಸೆಯ ಬರಹಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಸತ್ಯವನ್ನು ಹೇಳೆಂದು ಬಡವನಿಗೆ ಉಪದೇಶಿಸುತ್ತೇವೆ. ಅದರ ಖರ್ಚನ್ನು ಅವನೊಬ್ಬನ ಖಾತೆಗೆ ಬರೆಯುತ್ತೇವೆ. ಸತ್ಯವನ್ನು ಕೇಳುವವರು ಅದರ ವೆಚ್ಚದಲ್ಲಿ ಪಾಲು ಕೊಡಬೇಕು. ಇಲ್ಲವಾದರೆ ಕೇಳುವ ಹಕ್ಕು ಅವರಿಗಿಲ್ಲ.

ಈ ನಗರದ ಕನ್ನಡಿಗರು ಇದನ್ನು ಅರಿಯದವರಲ್ಲ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ನಮ್ಮ ಹಿರಿಯರು ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ಹಗಲು ಕಚೇರಿಯಲ್ಲಿ ದುಡಿದವರು ರಾತ್ರಿ ಪಾಠ ಹೇಳಿದರು. ಊರು ಬಿಟ್ಟವರು ಊರು ಬಿಟ್ಟವರಿಗೇ ಕಲಿಸಿದರು. ಆ ಶಾಲೆಗಳಲ್ಲಿ ಅಕ್ಷರ ಕಲಿತವರು ಮುಂದೆ ಹೋಟೆಲಿನ ಮಾಲೀಕರಾದರು, ವಕೀಲರಾದರು, ಸಂಘಗಳನ್ನು ಕಟ್ಟಿದರು. ಋಷಿಋಣವನ್ನು ಊರಿನಲ್ಲೇ ಇದ್ದು ತೀರಿಸಬೇಕೆಂದಿಲ್ಲ, ಇರುವ ಊರಿನಲ್ಲಿ ತೀರಿಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅವುಗಳಲ್ಲಿ ಎಷ್ಟೋ ಶಾಲೆಗಳು ಈಗ ಮುಚ್ಚಿಹೋಗಿವೆ. ಆದರೆ ಇಂಗ್ಲಿಷ್ ತಿಳಿಯದೆ ಸಂದರ್ಶನಗಳಲ್ಲಿ ತಲೆತಗ್ಗಿಸುವ ಹುಡುಗ ಹುಡುಗಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳೂ ಇದ್ದಾರೆ.

ಆದ್ದರಿಂದ ನಮ್ಮದೊಂದು ಸೂಚನೆ. ಪ್ರತಿಯೊಂದು ಕನ್ನಡ ಸಂಘವೂ ಹೊಸದಾಗಿ ತೇರ್ಗಡೆಯಾದ ಒಬ್ಬಿಬ್ಬರು ಉಪಾಧ್ಯಾಯರಿಗೆ ಸಂಜೆಯ ಇಂಗ್ಲಿಷ್ ತರಗತಿಯನ್ನು ವಹಿಸಲಿ, ಮರ್ಯಾದೆಯ ಸಂಬಳ ಕೊಡಲಿ. ಹಗಲು ಶಾಲೆಯ ಕೆಲಸ, ಸಂಜೆ ಸಂಘದ ತರಗತಿ. ಎರಡೂ ಸೇರಿದರೆ ಕಂತು ಕಟ್ಟಬಹುದು. ಪ್ರಮಾಣಪತ್ರದಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಲಿ: ಶಾಲೆಯದು ಶಾಲೆಯದೆಂದು, ಸಂಘದ ತರಗತಿ ಸಂಘದ್ದೆಂದು. ಒಂದು ವಾರ್ಷಿಕೋತ್ಸವದ ಹೂವಿನ ಹಾರ, ಶಾಲು, ಸ್ಮರಣಿಕೆಗಳ ಖರ್ಚು ಇದಕ್ಕೆ ಎಷ್ಟು ತಿಂಗಳು ಸಾಲುತ್ತದೆಂದು ಪದಾಧಿಕಾರಿಗಳು ಲೆಕ್ಕ ಹಾಕಿ ನೋಡಲಿ. ಹೀಗೆ ಕಳೆದ ಎರಡು ವರ್ಷದಲ್ಲಿ ಪ್ರಮಾಣಪತ್ರವೂ ನಿಜವಾಗುತ್ತದೆ, ಕಲಿತ ಋಣದ ಒಂದು ಕಂತೂ ಸಂದಾಯವಾಗುತ್ತದೆ. ಆಮೇಲೆ ಅವಳು ಹೋಗುವುದಾದರೆ ಹೋಗಲಿ, ಯಾರೂ ಬೆರಳು ತೋರಿಸುವಂತಿಲ್ಲ.

ಹೊರಡುವವರಿಗೆ ವ್ಯವಹಾರದ ಎರಡು ಮಾತು. ೧೯೮೩ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿಯಾದ ಏಜೆಂಟರು ಮಾತ್ರ ಪರದೇಶದ ಕೆಲಸಕ್ಕೆ ಜನರನ್ನು ಸೇರಿಸಬಹುದು; ಅವರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ ೩೦,೦೦೦ ರೂಪಾಯಿ, ಅದರ ಮೇಲೆ ತೆರಿಗೆ. ನೋಂದಣಿಯಾದವರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿದೆ. ಪ್ರವಾಸಿ ವೀಸಾದಲ್ಲಿ ಹೋಗಿ ಆಮೇಲೆ ಬದಲಿಸಿಕೊಳ್ಳೋಣವೆಂದು ಹೇಳುವವರನ್ನು ನಂಬಬಾರದು. ಕರಾರುಪತ್ರವನ್ನು ಸಹಿ ಹಾಕುವ ಮುಂಚೆ ಮನೆಗೆ ತಂದು, ತಿಳಿದವರೊಬ್ಬರಿಗೆ ತೋರಿಸಿ ಓದಬೇಕು. ಮೂಲ ಪ್ರಮಾಣಪತ್ರಗಳನ್ನು ಏಜೆಂಟರ ಮೇಜಿನ ಮೇಲೆ ಬಿಟ್ಟು ಬರಬಾರದು. ಇದೂ ಧರ್ಮದ ಮಾತೇ. ಏಜೆಂಟನಿಗೆ ಲಕ್ಷಗಟ್ಟಲೆ ಸಾಲ ಹೊತ್ತು ಹೋದವಳು ಅಲ್ಲಿ ಅನ್ಯಾಯ ಕಂಡರೂ ಬಾಯಿ ತೆರೆಯಲಾರಳು. ಒಪ್ಪಿದ ಶಾಲೆಯ ವರ್ಷವನ್ನು ಪೂರ್ತಿ ಮುಗಿಸಿಯೇ ಬರಬೇಕು. ಅಲ್ಲಿನ ಮಕ್ಕಳೂ ಮಕ್ಕಳೇ.

ಆ ಹುಡುಗಿ ಹಿಂದಿನ ತಾರೀಖಿನ ಕಾಗದವನ್ನು ತೆಗೆದುಕೊಳ್ಳಲಿಲ್ಲವೆಂದು ಅವಳ ತಂದೆ ಮೊನ್ನೆ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯೂ ಇತ್ತು, ಚಿಂತೆಯೂ ಇತ್ತು. ಹೆಮ್ಮೆಯಲ್ಲಿ ನಾವೆಲ್ಲ ಸುಲಭವಾಗಿ ಪಾಲುಗೊಳ್ಳುತ್ತೇವೆ. ಚಿಂತೆಯಲ್ಲಿಯೂ ಪಾಲುಗೊಳ್ಳುವುದು ಹೇಗೆಂಬುದನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಚರ್ಚಿಸಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ.